ಗ್ರಹಣದ ಪುಳಿಯೋಗರೆ

ಯೋಗಾನರಸಿಂಹ ಮೇಷ್ಟ್ರ ಮನೆಯಲ್ಲಿ ಅವತ್ತು ಇಬ್ಬರದೂ ಉಪವಾಸ. ಹೆಂಡತಿ ಶ್ರೀರಂಗಮ್ಮನವರದು ಗ್ರಹಣಕ್ಕೆ ಹೆದರಿ ಉಪವಾಸ, ಮೇಷ್ಟ್ರದು ಗ್ರಹಣಕ್ಕೆ ಹೆದರುವುದಿಲ್ಲ ಎಂದು ತೋರಿಸುವುದಕ್ಕೆ ಉಪವಾಸ. ಇಷ್ಟೇ ಹೇಳಿ ಸುಮ್ಮನಾದರೆ ಯಾರಿಗೂ ತಲೆಬುಡ ಗೊತ್ತಾಗುವುದಿಲ್ಲ, ಸ್ವಲ್ಪ ಬಿಡಿಸಿಯೇ ಹೇಳಬೇಕು.

ಮೇಷ್ಟ್ರು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತರಾದವರು. ನರಸಿಂಹಸ್ವಾಮಿ ದೇವಸ್ಥಾನದ ಬೀದಿಯಲ್ಲಿ ಹುಟ್ಟಿ, ಆ ದೇವರ ಹೆಸರನ್ನೇ ಇಟ್ಟುಕೊಂಡು, ಕಾಲೇಜು ಮುಗಿಸಿದ ಮೇಲೆ ಆ ದೇವಸ್ಥಾನದ ಹೊಸಿಲು ತುಳಿಯದ ಮನುಷ್ಯ. ಇದಕ್ಕೆ ಕಾರಣ ಪುಸ್ತಕವಲ್ಲ, ಅವರ ದೊಡ್ಡಕ್ಕ. ಮೇಷ್ಟ್ರಿಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ದೊಡ್ಡ ಸೂರ್ಯಗ್ರಹಣವಾಯಿತು. ಬಾಣಂತನಕ್ಕೆ ಬಂದಿದ್ದ ಬಸುರಿ ಅಕ್ಕನನ್ನು ಅಮ್ಮ ಕೋಣೆಗೆ ಹಾಕಿ, ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ ಅಗುಳಿ ಹಾಕಿದರು. ಫೆಬ್ರವರಿಯ ಸೆಕೆ. ಅಕ್ಕ ಒಳಗಿನಿಂದ ‘ನೀರು, ಒಂದು ಗುಟುಕು ನೀರು’ ಎಂದು ಕೂಗಿದಳು. ಇವರು ಚೊಂಬಿನಲ್ಲಿ ನೀರು ತಂದರು. ಅಮ್ಮ ಬಾಗಿಲಿಗೆ ಅಡ್ಡ ನಿಂತರು. ಗ್ರಹಣ ಬಿಡುವವರೆಗೂ ಇವರು ಚೊಂಬು ಹಿಡಿದುಕೊಂಡು ನಿಂತೇ ಇದ್ದರು, ಅಮ್ಮನನ್ನು ದಾಟಿ ಹೋಗುವ ಧೈರ್ಯ ಬರಲಿಲ್ಲ. ಒಂದು ನೆರಳಿಗೆ ಹೆದರಿ ಮನುಷ್ಯರಿಗೆ ನೀರು ಕೊಡದವರ ಪೈಕಿ ತಾನು ಇನ್ನು ಮುಂದೆ ಇರಬಾರದು ಎಂದು ಅವತ್ತು ಅಂದುಕೊಂಡರು. ಅಂದುಕೊಂಡ ಹಾಗೇ ಬದುಕಿದರು, ಅದರಲ್ಲಿ ಸುಳ್ಳಿಲ್ಲ.

ಅಕ್ಕ ಈಗ ಅರಕಲಗೂಡಿನಲ್ಲಿ ಮೊಮ್ಮಕ್ಕಳ ಜೊತೆ ಇದ್ದಾರೆ. ಹೋದ ವರ್ಷ ಮೇಷ್ಟ್ರು ಆ ಮಧ್ಯಾಹ್ನದ ಮಾತೆತ್ತಿದಾಗ, ‘ಹೌದೇನೋ? ನನಗೆ ನೆನಪೇ ಇಲ್ಲ ಕಣೋ’ ಅಂದುಬಿಟ್ಟರು. ಮೇಷ್ಟ್ರಿಗೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ‘ವಿಚಾರ ಬಳಗ’ ಎಂದು ಒಂದು ಗುಂಪು ಕಟ್ಟಿದರು. ಬಳಗವೆಂದರೆ ಏಳೆಂಟು ಜನ. ಗ್ರಹಣ ಬಂದಾಗ ಊರವರು ಬಾಗಿಲು ಹಾಕಿ ಬಾಯಿ ಕಟ್ಟಿ ಕೂತಿರುತ್ತಾರಲ್ಲ, ಆಗ ಇವರು ಹೇಮಾವತಿ ಹೊಳೆಯ ದಂಡೆಗೆ ಹೋಗಿ, ನಾಲ್ಕು ಜನ ನೋಡುವ ಹಾಗೆ, ಗ್ರಹಣ ಹಿಡಿದಿರುವಾಗಲೇ ಊಟ ಮಾಡುವುದು. ತಿಂದವರಿಗೆ ಏನೂ ಆಗಲಿಲ್ಲ ಎಂದು ಊರು ಕಣ್ಣಾರೆ ನೋಡಬೇಕು, ಅಷ್ಟೇ ಉದ್ದೇಶ.

ಆದರೆ ಯಾವ ಕೆಲಸವೂ ಕಟ್ಟಳೆಯಿಲ್ಲದೆ ನಡೆಯುವುದಿಲ್ಲವಷ್ಟೆ. ಮೊದಲ ಸಲ ಬಳಗದವರೊಬ್ಬರು ಮನೆಯಲ್ಲೇ ಹೊಟ್ಟೆ ತುಂಬ ಉಂಡು ಬಂದು, ಎರಡು ತುತ್ತಿಗೆ ಕೈ ತೊಳೆದರು. ದಂಡೆಯ ಮೇಲೆ ನಿಂತಿದ್ದವರು, ‘ನೋಡ್ರಲಾ, ಗಂಟ್ಲಲ್ಲಿ ಇಳೀತಿಲ್ಲ, ಎದರ್ಕಂಡವ್ರೆ’ ಎಂದು ನಕ್ಕರು. ಅವತ್ತಿನಿಂದ ಎಲ್ಲರೂ ಬೆಳಗ್ಗೆಯಿಂದ ಏನೂ ಮುಟ್ಟದೆ ಹಸಿದು ಬರಬೇಕು ಎಂದಾಯಿತು. ಇನ್ನೊಂದು ಸಲ ಚಿತ್ರಾನ್ನ ಹಳಸಿ, ತಾಲ್ಲೂಕು ಕಚೇರಿಯ ರುದ್ರಯ್ಯನಿಗೆ ವಾಂತಿಯಾಗಿ, ಅದು ಗ್ರಹಣದ ಫಲವೇ ಎಂದು ಊರೆಲ್ಲ ಟಾಂ ಟಾಂ ಆಯಿತು. ಅವತ್ತಿನಿಂದ ಪುಳಿಯೋಗರೆ ಬಿಟ್ಟು ಬೇರೆ ಇಲ್ಲ, ಅದು ಕೆಡುವ ಪದಾರ್ಥವಲ್ಲ. ಪತ್ರಿಕೆಯವನು ಫೋಟೊ ತೆಗೆದಾಗ ಎಲ್ಲರೂ ಕೊಳೆ ಬಟ್ಟೆಯಲ್ಲಿ ಕಾಣಿಸಿಕೊಂಡಿದ್ದರಿಂದ ಸ್ನಾನ ಮಾಡಿ ಬಿಳಿ ಅಂಗಿ ಹಾಕಬೇಕು ಎಂದಾಯಿತು. ಮೊದಲ ತುತ್ತು ಬಾಯಿಗಿಡುವ ಮುಂಚೆ ಎಲ್ಲರೂ ಒಟ್ಟಾಗಿ, ‘ಸೂರ್ಯ ಮತ್ತು ಚಂದ್ರರ ನಡುವೆ ಭೂಮಿಯು ಬಂದಾಗ ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ’ ಎಂದು ಗಟ್ಟಿಯಾಗಿ ಹೇಳಬೇಕು. ಸೂರ್ಯಗ್ರಹಣಕ್ಕೆ ವಾಕ್ಯ ಬೇರೆ. ಒಂದೊಂದು ಕಟ್ಟಳೆಗೂ ಒಂದೊಂದು ಕಾರಣವಿತ್ತು, ಕಾರಣವಿಲ್ಲದೆ ಮೇಷ್ಟ್ರು ಏನನ್ನೂ ಒಪ್ಪುವವರಲ್ಲ. ದೇವಸ್ಥಾನದ ಬೀದಿಯವರೂ ತಮ್ಮ ಕಟ್ಟಳೆಗಳ ಬಗ್ಗೆ ಇದೇ ಮಾತು ಹೇಳುತ್ತಿದ್ದರು, ಅದು ಬೇರೆ ವಿಷಯ.

ಈ ಸಲದ್ದು ಮಾರ್ಚ್ ತಿಂಗಳ ಹೋಳಿ ಹುಣ್ಣಿಮೆಯ ಗ್ರಹಣ. ಮಧ್ಯಾಹ್ನವೇ ಹಿಡಿದು, ನಮ್ಮ ಕಡೆ ಚಂದ್ರ ಹುಟ್ಟುವ ಹೊತ್ತಿಗೆ ಬಿಡುತ್ತಾ ಬಂದಿರುತ್ತದೆ. ಕಾಣುವುದು ಸಂಜೆ ಒಂದು ಕಾಲು ಗಂಟೆ ಮಾತ್ರ. ಕಾಲು ಗಂಟೆಯಾದರೂ ಗ್ರಹಣ ಗ್ರಹಣವೇ. ಶ್ರೀರಂಗಮ್ಮನವರು ಬೆಳಗ್ಗೆ ಎದ್ದವರೇ ಉಪ್ಪಿನಕಾಯಿ ಜಾಡಿ, ಹಾಲಿನ ಪಾತ್ರೆ, ನೀರಿನ ಬಿಂದಿಗೆಗೆಲ್ಲ ದರ್ಭೆ ಹಾಕಿದರು. ಪುಳಿಯೋಗರೆಯ ಗೊಜ್ಜನ್ನು ಎರಡು ದಿನ ಮುಂಚೆಯೇ ಕಾಯಿಸಿ ಒಂದು ಡಬ್ಬಿಯಲ್ಲಿಟ್ಟಿದ್ದರು. ಗ್ರಹಣ ಬಿಡುವವರೆಗೆ ಒಲೆ ಹಚ್ಚುವುದಿಲ್ಲ ಎನ್ನುವ ಹೆಂಡತಿ, ಗ್ರಹಣದಲ್ಲಿ ತಿನ್ನುವ ಗಂಡನಿಗೆ ಗೊಜ್ಜು ಮಾತ್ರ ತಪ್ಪದೆ ಮಾಡಿಕೊಡುತ್ತಾ ಬಂದವರು. ಅನ್ನ ಮೇಷ್ಟ್ರೇ ಮಾಡಿಕೊಳ್ಳಬೇಕು. ಆಗ ಆಕೆ ಅಡುಗೆಮನೆಯ ಕಡೆ ತಲೆ ಹಾಕುವುದಿಲ್ಲ.

‘ಏನೂಂದ್ರೆ,’ ಅಂದರು ಶ್ರೀರಂಗಮ್ಮ ನಡುಮನೆಯಿಂದಲೇ. ‘ಬೆಳಗ್ಗೆಯಿಂದ ನೀವೂ ಒಂದು ಲೋಟ ಕಾಫಿ ಕುಡಿದಿಲ್ಲ, ನಾನೂ ಕುಡಿದಿಲ್ಲ. ಇಬ್ರೂ ಒಂದೇ ಕಡೆ ಕೂತ್ಕೊಂಡು ಉಪವಾಸ ಮಾಡಿದ್ರೆ ಏನು ಗಂಟು ಹೋಗ್ತಿತ್ತು?’

‘ನಂದು ಉಪವಾಸ ಅಲ್ಲ ಕಣೇ. ಹಸಿವು.’

‘ಹೂಂ. ನಂದೂ ಹಸಿವೇ.’

ಮೇಷ್ಟ್ರು ಅಕ್ಕಿ ತೊಳೆದು ಒಲೆಗಿಟ್ಟರು. ಅವರ ತಲೆಯಲ್ಲಿದ್ದದ್ದು ಒಂದೇ ಚಿಂತೆ, ಕೃಷ್ಣಪ್ಪ ಬರುತ್ತಾನೋ ಇಲ್ಲವೋ.

ಬಳಗ ಕರಗಿ ಬಹಳ ಕಾಲವಾಗಿತ್ತು. ಮೂವರು ತೀರಿಕೊಂಡರು. ಇಬ್ಬರು ಮಗಳ ಮನೆ, ಮಗನ ಮನೆ ಎಂದು ಊರು ಬಿಟ್ಟರು. ರುದ್ರಯ್ಯ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡ. ಮೇಷ್ಟ್ರು ಅವನನ್ನು ಬಳಗದಿಂದ ತೆಗೆದುಹಾಕಿದರು. ‘ಹೆಂಡತಿ ಮಾತು ತೆಗೆದುಹಾಕಕ್ಕಾಗಲಿಲ್ಲ ಮೇಷ್ಟ್ರೇ’ ಎಂದು ಅವನು ಮನೆಗೇ ಬಂದು ಹೇಳಿಕೊಂಡರೂ ಬಿಡಲಿಲ್ಲ. ಈಗ ದಾರಿಯಲ್ಲಿ ಸಿಕ್ಕರೆ ರುದ್ರಯ್ಯ ಆಚೆ ಬದಿಗೆ ದಾಟಿ ಹೋಗುತ್ತಾನೆ. ಮಿಕ್ಕವನು ಕೃಷ್ಣಪ್ಪ ಒಬ್ಬ.

ಕೃಷ್ಣಪ್ಪ ಅದೇ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಚನ್ನರಾಯಪಟ್ಟಣದ ಹತ್ತಿರದ ಬಾಗೂರಿನ ಒಕ್ಕಲು ಮನೆತನ. ಕೆಲಸದಿಂದ ಬಿಡುಗಡೆಯಾದ ಮೇಲೆ ಊರು ಸೇರಿಕೊಂಡು ತೋಟ ನೋಡಿಕೊಳ್ಳುತ್ತಿದ್ದ. ಎಲ್ಲೇ ಇರಲಿ, ಗ್ರಹಣದ ದಿನ ಎರಡು ಬಸ್ಸು ಬದಲಾಯಿಸಿ ಬಂದೇ ಬರುತ್ತಿದ್ದ. ಭೂಮಿಯ ನೆರಳಿನ ಬಗ್ಗೆ ಅವನಿಗೆ ಅಂಥ ಆಸಕ್ತಿಯೇನೂ ಇರಲಿಲ್ಲ. ಮೇಷ್ಟ್ರು ಕರೆಯುತ್ತಾರೆ, ಪುಳಿಯೋಗರೆ ಚೆನ್ನಾಗಿರುತ್ತದೆ, ಅಷ್ಟೇ. ಮಧ್ಯೆ ಫೋನು ಮಾಡಿ ಗಂಟೆಗಟ್ಟಲೆ ತೆಂಗಿನ ರೋಗದ ಬಗ್ಗೆ ಮಾತಾಡುತ್ತಿದ್ದ. ಮೇಷ್ಟ್ರಿಗೆ ಇಡೀ ವಾರದಲ್ಲಿ ಬರುತ್ತಿದ್ದ ಫೋನು ಅದೊಂದೇ. ಒಂದು ತಿಂಗಳಿಂದ ಅದೂ ಬಂದಿರಲಿಲ್ಲ. ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮನಿಗೆ ಮೈಗೆ ಸರಿಯಿಲ್ಲ ಎಂದು ಹಿಂದೊಮ್ಮೆ ಹೇಳಿದ್ದ. ಹೋಗಿ ನೋಡಿಕೊಂಡು ಬರಬೇಕು ಎಂದು ಇವರು ಅಂದುಕೊಂಡದ್ದೇ ಬಂತು, ಹೋಗಲಿಲ್ಲ. ನಿನ್ನೆಯಿಂದ ಇವರೇ ಫೋನು ಮಾಡುತ್ತಿದ್ದರೂ ಅವನು ಎತ್ತುತ್ತಿರಲಿಲ್ಲ. ಒಬ್ಬನೇ ಕೂತು ತಿಂದರೆ ಅದು ಬಳಗವಲ್ಲ, ಹಸಿದ ಮುದುಕ ತಿಂದ ಹಾಗೆ ಎಂದು ಮೇಷ್ಟ್ರಿಗೆ ಗೊತ್ತಿತ್ತು.

ಸಂಜೆ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿ, ಇಬ್ಬರಿಗಾಗುವಷ್ಟು ಪುಳಿಯೋಗರೆಯನ್ನು ಡಬ್ಬಿಗೆ ತುಂಬಿ ಹೊರಟರು.

ಹಿಂದೆ ಗ್ರಹಣದ ಹೊತ್ತಿನಲ್ಲಿ ಈ ಬೀದಿಯಲ್ಲಿ ಒಂದು ನಾಯಿ ಕೂಡ ಓಡಾಡುತ್ತಿರಲಿಲ್ಲ. ಬಳಗದವರು ಡಬ್ಬಿ ಹಿಡಿದು ಸಾಲಾಗಿ ಹೊರಟರೆ ಕಿಟಕಿಯ ಸಂದಿಗಳಿಂದ ಬೈಗುಳ ಬರುತ್ತಿತ್ತು. ಒಂದು ಸಲ ಯಾರೋ ಮಹಡಿಯಿಂದ ಸಗಣಿ ನೀರು ಎರಚಿದ್ದರು. ಆ ಸಗಣಿ ನೀರನ್ನು ಮೇಷ್ಟ್ರು ಇವತ್ತಿಗೂ ಅಭಿಮಾನದಿಂದ ನೆನೆಸಿಕೊಳ್ಳುತ್ತಾರೆ. ಈಗ ನೋಡಿದರೆ ದೇವಸ್ಥಾನದ ಬಾಗಿಲೊಂದು ಮುಚ್ಚಿದೆ, ಮಿಕ್ಕಿದ್ದೆಲ್ಲ ತೆರೆದೇ ಇದೆ. ಮುಖಕ್ಕೆ ಹೋಳಿ ಬಣ್ಣ ಬಳಿದುಕೊಂಡ ಹುಡುಗಿಯರು ಪಾನಿಪುರಿ ಗಾಡಿಯ ಮುಂದೆ ಗುಂಪುಗಟ್ಟಿದ್ದಾರೆ. ಬೇಕರಿಯಲ್ಲಿ ಜನ ನಿಂತುಕೊಂಡೇ ಪಫ್ಸ್ ಕಚ್ಚುತ್ತಿದ್ದಾರೆ. ಇವರಲ್ಲಿ ಯಾರೂ ಗ್ರಹಣವನ್ನು ಧಿಕ್ಕರಿಸುತ್ತಿಲ್ಲ, ಸುಮ್ಮನೆ ತಿನ್ನುತ್ತಿದ್ದಾರೆ. ಬೇಕರಿಯವನು ಡಬ್ಬಿ ನೋಡಿ, ‘ಏನ್ ಸಾ, ಪಿಕ್ನಿಕ್ಕಾ?’ ಅಂದ. ಮೇಷ್ಟ್ರು ಹೌದೆಂದರು, ಮತ್ತೇನು ಹೇಳುತ್ತಾರೆ.

ಇಷ್ಟು ವರ್ಷ ತಾನು ಹೇಳಿದ್ದನ್ನೇ ಊರು ಮಾಡುತ್ತಿದೆ. ಗೆದ್ದೆ ಎಂದು ಕುಣಿಯಬೇಕಾಗಿತ್ತು. ಆದರೆ ಗೆದ್ದ ಸುದ್ದಿಯನ್ನು ಯಾರೂ ಬಂದು ಹೇಳಲಿಲ್ಲ, ಅದು ಅವರ ಗೆಲುವು ಎಂದು ಯಾರಿಗೂ ತಿಳಿದಿರಲೂ ಇಲ್ಲ. ಜಾತ್ರೆ ಮುಗಿದ ಮೇಲೆ ಬಂದ ನೆಂಟನ ಹಾಗೆ ಮೇಷ್ಟ್ರು ಜನರ ನಡುವೆ ದಾರಿ ಮಾಡಿಕೊಂಡು ಹೊಳೆಯ ಕಡೆ ನಡೆದರು.

ಹೊಳೆಯ ಮೇಲಿನ ರಸ್ತೆಯಲ್ಲೂ ಒಂದು ಗೋಬಿ ಗಾಡಿ. ಕೆಳಗೆ ಮೆಟ್ಟಿಲ ಮೇಲೆ ಗುಂಡಯ್ಯ ಒಬ್ಬರೇ ಟವೆಲು ಹೊದ್ದು ಕೂತಿದ್ದರು. ಗ್ರಹಣ ಬಿಟ್ಟ ಮೇಲೆ ಹೊಳೆಯಲ್ಲಿ ಮುಳುಗುವ ಪದ್ಧತಿಯನ್ನು ಊರಿನಲ್ಲಿ ಇನ್ನೂ ಇಟ್ಟುಕೊಂಡವರು ಅವರೇ. ಪ್ರಾಯದಲ್ಲಿ ಇದೇ ಗುಂಡಯ್ಯ ಬಳಗದವರ ಮುಂದೆ ನಿಂತು, ‘ನಿಮ್ಮ ವಂಶ ನಿರ್ವಂಶ ಆಗ’ ಎಂದು ಮಣ್ಣು ತೂರಿದವರು.

‘ಬಂದ್ರಾ ಮೇಷ್ಟ್ರೇ!’ ಅಂದರು ಗುಂಡಯ್ಯ, ಕಳೆದುಹೋದವರು ಸಿಕ್ಕಷ್ಟು ಖುಷಿಯಿಂದ. ‘ನೀವೂ ಬಿಟ್ಬಿಟ್ರೇನೋ ಅಂದ್ಕೊಂಡೆ. ಗ್ರಸ್ತೋದಯ ಅಲ್ವೇ ಇವತ್ತು?’

‘ಹೌದು, ಹುಟ್ಟುವಾಗಲೇ ಹಿಡಿದಿರುತ್ತೆ. ಮೋಡ ಇಲ್ಲ, ಕಾಣುತ್ತೆ.’

‘ಬಿಡೋದು ಎಷ್ಟು ಹೊತ್ತಿಗೆ? ಪಂಚಾಂಗದ ಅಕ್ಷರ ಈಗ ನನಗೆ ಇರುವೆ ಹರಿದ ಹಾಗೆ ಕಾಣುತ್ತೆ.’

‘ಏಳಕ್ಕೆ ಇನ್ನೂ ಹತ್ತು ಹನ್ನೆರಡು ನಿಮಿಷ ಇರುವಾಗ.’

‘ನೀವು ಹೇಳಿದ ಮೇಲೆ ಸರಿ. ಬಿಟ್ಟಾಗ ಒಂದು ಕೂಗು ಹಾಕಿ.’ ಗುಂಡಯ್ಯ ಟವೆಲು ಸರಿಮಾಡಿಕೊಂಡು, ‘ನಿಜ ಹೇಳ್ತೀನಿ, ನೀವು ಅಲ್ಲಿ ಕೂತು ತಿಂತಾ ಇದ್ರೆ ನನಗೂ ಎಲ್ಲಾ ಸರಿಯಾಗಿ ನಡೀತಿದೆ ಅನ್ನಿಸುತ್ತೆ’ ಅಂದರು. ಹೊಗಳಿದ್ದೋ ಬೈದದ್ದೋ ತಿಳಿಯದೆ ಮೇಷ್ಟ್ರು ಎರಡು ಮೆಟ್ಟಿಲು ಆಚೆ ಹೋಗಿ ಬಟ್ಟೆ ಹಾಸಿಕೊಂಡು ಕೂತರು.

ಸೂರ್ಯ ಮುಳುಗಿದ. ಆಚೆ ದಡದ ತೆಂಗಿನ ತೋಟದ ಮೇಲೆ ಬೂದು ಬಣ್ಣದ ಆಕಾಶ, ಚಂದ್ರನ ಸುಳಿವಿಲ್ಲ. ಮೇಷ್ಟ್ರು ಮೆಟ್ಟಿಲಿನ ಕಡೆಗೂ ಆಕಾಶದ ಕಡೆಗೂ ಕತ್ತು ತಿರುಗಿಸುತ್ತಲೇ ಇದ್ದರು. ಚಂದ್ರ ಬಾರದಿದ್ದರೂ ಪರವಾಗಿಲ್ಲ, ಕೃಷ್ಣಪ್ಪ ಬಂದರೆ ಸಾಕು ಎಂದು ಒಂದು ಗಳಿಗೆ ಅನ್ನಿಸಿದ್ದುಂಟು.

ಕೃಷ್ಣಪ್ಪ ಬಂದ. ಪಂಚೆ ಎತ್ತಿ ಹಿಡಿದುಕೊಂಡು, ಮೆಟ್ಟಿಲ ಮೇಲೆ ಹುಷಾರಾಗಿ ಕಾಲಿಡುತ್ತಾ ಇಳಿದು ಬಂದ. ಹೋದ ಸಲ ನೋಡಿದ್ದಕ್ಕಿಂತ ಅರ್ಧಕ್ಕೆ ಅರ್ಧ ಇಳಿದುಹೋಗಿದ್ದ. ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಕೊಳ್ಳಲು, ‘ಫೋನು ಯಾಕೋ ಎತ್ತಲಿಲ್ಲ?’ ಎಂದು ಗದರಿದರು.

‘ಆಸ್ಪತ್ರೇಲಿದ್ದೆ ಸಾ. ಅವ್ಳುನ್ನ ಆಸನ್ದಲ್ಲಿ ಸೇರ್ಸಿವ್ನಿ. ನಾಳೀಕೆ ಆಪ್ರೇಸನ್ನು.’

‘ಏನಾಗಿದೆಯೋ?’

‘ಒಟ್ಟೇಲಿ ಗಡ್ಡೆ ಸಾ. ತೆಗುದ್ ಮೇಲೆ ಎಂತಾದ್ದು ಅಂತ ಏಳ್ತರಂತೆ.’ ಕೃಷ್ಣಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಪಕ್ಕದಲ್ಲಿ ಕೂತ. ‘ಮಗ್ಳು ಅವ್ಳೆ ಜೊತೇಲಿ. ಮೇಷ್ಟ್ರು ಒಬ್ರೇ ಕೂತಿರ್ತಾರೆ, ಓಗ್ಬಾ ಅಂತ ಇವ್ಳೇ ಕಳ್ಸುದ್ಲು.’

ತಾನು ಬಾಗೂರಿಗೆ ಹೋಗಿ ನೋಡಲಿಲ್ಲವಲ್ಲ ಎಂದು ಮೇಷ್ಟ್ರಿಗೆ ನಾಚಿಕೆಯಾಯಿತು. ಅವನ ಮೊಣಕಾಲಿನ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಗೋಬಿ ಗಾಡಿಯ ಕಡೆಯಿಂದ ಯಾರೋ ‘ಅಲ್ಲಿ ಅಲ್ಲಿ’ ಅಂದರು. ತೆಂಗಿನ ಗರಿಗಳ ಸಂದಿಯಲ್ಲಿ ಚಂದ್ರ ಎದ್ದಿತ್ತು. ಬಹುಪಾಲು ಆಗಲೇ ಬೆಳಗಾಗಿ, ಮೇಲಿನ ಒಂದು ಭಾಗಕ್ಕೆ ಮಾತ್ರ ಕಪ್ಪಗೆ ಮಂಕು ಕವಿದಿತ್ತು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ, ಡಬ್ಬಿಯ ಮುಚ್ಚಳ ತೆಗೆದು, ‘ಸೂರ್ಯ ಮತ್ತು ಚಂದ್ರರ ನಡುವೆ ಭೂಮಿಯು ಬಂದಾಗ’ ಎಂದು ಶುರುಮಾಡಿದರು. ಕೃಷ್ಣಪ್ಪ ಜೊತೆಗೂಡಲಿಲ್ಲ. ವಾಕ್ಯ ಮುಗಿಯುವುದನ್ನು ತಲೆ ತಗ್ಗಿಸಿಕೊಂಡು ಕಾದ.

‘ಸಾ, ನಾನು ಈಗ್ಲೇ ತಿನ್ನಾಕಿಲ್ಲ.’

‘ಯಾಕೆ? ಮೈ ಸರಿಯಿಲ್ವಾ?’

‘ಅಂಗಲ್ಲ. ಇದೊಂದ್ ಕಿತ ಬಾಯಿ ಕಟ್ಟು ಅಂತ ಅವ್ಳು ಕೇಳ್ಕಂಡ್ಲು. ಊಂ ಅಂದ್ಬುಟ್ಟೆ.’

‘ಅಲ್ವೋ, ನಿನ್ನ ಬಾಯಿಗೂ ಅವಳ ಹೊಟ್ಟೆಯ ಗಡ್ಡೆಗೂ ಏನು ಸಂಬಂಧ?’ ಮೇಷ್ಟ್ರ ದನಿ ಪಾಠ ಹೇಳುವಾಗ ಏರುವ ಹಾಗೆ ಏರಿತು.

‘ಏನೂ ಇಲ್ಲ ಸಾ. ನೀವೇ ಏಳ್ಕೊಟ್ಟಿದ್ದಲ್ವಾ. ಅವ್ಳಿಗೂ ಗೊತ್ತು ಕಣ್ ಸಾ. ಆದ್ರೆ ನಾನ್ ತಿಂದೆ ಅಂದ್ರೆ ಅವ್ಳು ಅಲ್ಲಿ ಮನೀಕಂಡು ಅದ್ನೇ ನೆನಿತಾಳೆ. ನಾಳೆ ಒಳೀಕೆ ಕರ್ಕೊಂಡೋಗೋ ಗಂಟ ಅದ್ನೇ ನೆನಿತಾಳೆ.’ ಕೃಷ್ಣಪ್ಪ ಚಂದ್ರನ ಕಡೆ ಗದ್ದ ತೋರಿಸಿದ. ‘ಕಾಲು ಗಂಟೆ ಅಲ್ವಾ ಸಾ ಇರಾದು? ಬುಟ್ ಮೇಲೆ ಇಬ್ರೂವೆ ಒಟ್ಗೆ ತಿನ್ನಾನ. ನಂಗೂ ಒಟ್ಟೆ ಅಸ್ದು ಸಾಯ್ತಾ ಐತೆ.’

ಮೇಷ್ಟ್ರು ಮುಚ್ಚಳ ಹಾಕಿದರು. ಇದರಲ್ಲಿ ಯೋಚನೆ ಮಾಡುವುದಕ್ಕೇನಿತ್ತು? ಗ್ರಹಣದಲ್ಲಿ ತಿಂದರೂ ಒಂದೇ, ಬಿಟ್ಟರೂ ಒಂದೇ ಎಂದು ಎಷ್ಟು ಸಾವಿರ ಹುಡುಗರಿಗೆ ಹೇಳಿಲ್ಲ. ಒಂದೇ ಆದ ಮೇಲೆ ಬಿಡಬಹುದು. ಈಗ ತಿಂದು ಯಾರಿಗೆ ತೋರಿಸಬೇಕು, ಗೋಬಿ ತಿನ್ನುತ್ತಿರುವವರಿಗೋ? ಒಬ್ಬನೇ ಸ್ನೇಹಿತ, ಆಸ್ಪತ್ರೆಯಿಂದ ಎದ್ದು ಬಂದಿದ್ದಾ‌ನೆ, ಕೇಳುತ್ತಿರುವುದು ಕಾಲು ಗಂಟೆ. ‘ಆಗಲಿ ಬಿಡು, ಕಾಯೋಣ’ ಎಂದು ಹೇಳಿಯೂ ಹೇಳಿದರು. ಕೃಷ್ಣಪ್ಪನ ಮುಖ ಅರಳಿತು. ಆಸ್ಪತ್ರೆಯ ಕ್ಯಾಂಟೀನಿನ ಸಾಂಬಾರನ್ನು ಬೈಯಲು ಶುರುಮಾಡಿದ.

ಮೇಷ್ಟ್ರು ಹೂಂಗುಟ್ಟುತ್ತಿದ್ದರು. ಆದರೆ ಕಣ್ಣು ಚಂದ್ರನ ಮೇಲಿನಿಂದ ಕೀಳಲು ಆಗುತ್ತಿರಲಿಲ್ಲ. ಅದು ತೆಂಗಿನ ತಲೆ ಬಿಟ್ಟು ಮೇಲೆ ಬಂದಿತ್ತು, ಬೆಳಕಿನ ಭಾಗ ಅಗಲವಾಗುತ್ತಿತ್ತು. ಇನ್ನು ಸ್ವಲ್ಪ ಹೊತ್ತು. ಇನ್ನು ಸ್ವಲ್ಪ ಹೊತ್ತಿಗೆ ಬಿಟ್ಟುಹೋಗುತ್ತದೆ, ತಾನು ತಿಂದಿರುವುದಿಲ್ಲ. ಹೀಗೆಂದುಕೊಂಡದ್ದೇ ತಡ, ಅಂಗೈ ಬೆವರಿತು. ತಿನ್ನದಿದ್ದರೆ ಏನಾಗುತ್ತದೆ ಎಂದು ತಮ್ಮನ್ನು ತಾವೇ ಕೇಳಿಕೊಂಡರು. ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ಎದೆ ಡವಗುಟ್ಟುತ್ತಿತ್ತು. ಒಂದು ಸಲ ತಪ್ಪಿಸಿದರೆ ಇಷ್ಟು ವರ್ಷದ್ದೆಲ್ಲ ಕೈಬಿಟ್ಟು ಹೋಗುತ್ತದೆ, ಯಾವುದೋ ಬಾಗಿಲು ಹಾಕಿಕೊಳ್ಳುತ್ತದೆ, ಏನೋ ಆಗಬಾರದ್ದು ಆಗುತ್ತದೆ. ಏನೆಂದು ಹೇಳಲು ಬರುವಂಥದ್ದಲ್ಲ. ಅಪ್ಪ ಒಂದು ಸಲ ಮರೆತು ಗ್ರಹಣದಲ್ಲಿ ಕಾಫಿ ಕುಡಿದುಬಿಟ್ಟಾಗ ಅಮ್ಮ ಕಂಬ ಹಿಡಿದುಕೊಂಡು ನಡುಗಿದ್ದರು. ಏನಮ್ಮ ಆಗುತ್ತೆ ಎಂದು ಕೇಳಿದರೆ ಅಮ್ಮನಿಗೂ ಹೇಳಲು ಬಂದಿರಲಿಲ್ಲ. ಆ ನಡುಕ ಯಾವುದು ಎಂದು ಮೇಷ್ಟ್ರಿಗೆ ಈಗ ತಿಳಿಯಿತು. ತಿಳಿದರೂ ಅದು ನಿಲ್ಲಲಿಲ್ಲ.

‘ಒಂದೇ ಒಂದು ತುತ್ತು ಕಣೋ ಕೃಷ್ಣಪ್ಪ,’ ಅಂದರು. ದನಿ ತಮ್ಮದೇ ಅನ್ನಿಸಲಿಲ್ಲ. ‘ನೀನು ತಿನ್ನಬೇಡ. ನಾನು ಒಂದು ತುತ್ತು ತಿಂದುಬಿಡ್ತೀನಿ, ಆಮೇಲೆ ಒಟ್ಟಿಗೆ ಕೂರೋಣ.’

ಕೃಷ್ಣಪ್ಪ ಸಾಂಬಾರಿನ ಮಾತು ಅರ್ಧಕ್ಕೆ ನಿಲ್ಲಿಸಿ ಅವರನ್ನು ನೋಡಿದ. ಡಬ್ಬಿಯ ಮುಚ್ಚಳ ಆಗಲೇ ತೆಗೆಯುತ್ತಿದ್ದ ಕೈ ನೋಡಿದ. ಸಿಟ್ಟು ಮಾಡಿಕೊಳ್ಳಲಿಲ್ಲ, ನಗಲಿಲ್ಲ.

‘ತಿನ್ನಿ ಸಾ, ತಿನ್ನಿ. ನನ್ನಿಂದ ನಿಮ್ಮ ನೇಮ ಯಾಕೆ ಕೆಡ್ಬೇಕು?’

ಹಾಗೆಂದು ಎದ್ದು, ನಾಲ್ಕು ಹೆಜ್ಜೆ ಆಚೆ ಹೋಗಿ, ಬೆನ್ನು ಇವರ ಕಡೆ ಮಾಡಿ ನಿಂತುಕೊಂಡ.

ಬಾಗೂರಿನಲ್ಲಿ ಹಿಂದೆ ಹಾಗೊಂದು ಪದ್ಧತಿಯಿತ್ತಂತೆ. ಅಯ್ನೋರು, ಅಂದರೆ ಬ್ರಾಹ್ಮಣರು, ಮಡಿಯಲ್ಲಿ ಉಣ್ಣಲು ಕೂತರೆ ಒಕ್ಕಲಿನವರ ಕಣ್ಣು ಬೀಳಬಾರದು, ಬೆನ್ನು ತಿರುಗಿಸಿ ನಿಲ್ಲಬೇಕು. ಕೃಷ್ಣಪ್ಪನ ಅಪ್ಪ ಹಾಗೆ ನಿಂತವನು. ಕೃಷ್ಣಪ್ಪ ಸ್ಕೂಲಿಗೆ ಸೇರಿದ ಹೊಸದರಲ್ಲಿ ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಬುತ್ತಿ ಬಿಚ್ಚಿದಾಗ, ಅಭ್ಯಾಸಬಲದಿಂದ ಎದ್ದು ಹೊರಗೆ ಹೊರಟಿದ್ದ. ಮೇಷ್ಟ್ರು ರಟ್ಟೆ ಹಿಡಿದು ಕೂರಿಸಿ, ಅವನ ಬುತ್ತಿಯ ರಾಗಿರೊಟ್ಟಿ ಮುರಿದು ತಿಂದು, ತಮ್ಮದನ್ನು ಅವನ ಮುಂದೆ ತಳ್ಳಿದ್ದರು. ಆಮೇಲೆ ಅವರಿಬ್ಬರದೂ ಯಾವತ್ತೂ ಒಂದೇ ಡಬ್ಬಿ.

ಮೇಷ್ಟ್ರು ಆ ಬೆನ್ನನ್ನು ನೋಡಿದರು. ಬಾರೋ ಇಲ್ಲಿ, ಹಾಗೆ ನಿಲ್ಲಬೇಡ್ವೋ ಎಂದು ಕೂಗಬೇಕೆನ್ನಿಸಿತು. ಆದರೆ ಹೊತ್ತಾಗುತ್ತಿತ್ತು, ಚಂದ್ರನ ಅಂಚಿನಲ್ಲಿ ಉಗುರಿನಷ್ಟು ಕಪ್ಪು ಮಾತ್ರ ಉಳಿದಿತ್ತು. ಅವರು ಕೂಗಲಿಲ್ಲ. ಮೊದಲು ತುತ್ತು ಬಾಯಿಗಿಟ್ಟುಕೊಂಡರು. ಅಗಿದರು, ನುಂಗಿದರು. ಎದೆ ತಣ್ಣಗಾಯಿತು. ಆ ನೆಮ್ಮದಿಯಷ್ಟು ಅಸಹ್ಯವಾದದ್ದನ್ನು ಅವರು ಆವರೆಗೆ ಕಂಡಿರಲಿಲ್ಲ.

‘ಬಿಡ್ತಾ ಮೇಷ್ಟ್ರೇ?’ ಎಂದು ಗುಂಡಯ್ಯ ಕೂಗಿದರು.

‘ಬಿಡ್ತು.’

ಗುಂಡಯ್ಯ ಮೂಗು ಹಿಡಿದು ನೀರಿನಲ್ಲಿ ಮುಳುಗಿದರು. ಕೃಷ್ಣಪ್ಪ ಈ ಕಡೆ ತಿರುಗಿ, ‘ಆಯ್ತಾ ಸಾ?’ ಅಂದ.

‘ಬಾ, ಕೂತ್ಕೊ. ಈಗ ತಿನ್ನು.’ ಮೇಷ್ಟ್ರು ಡಬ್ಬಿಯನ್ನು ಅವನ ಜಾಗಕ್ಕೆ ತಳ್ಳಿದರು.

‘ಕೂರಾಕ್ ಒತ್ತಿಲ್ಲ ಸಾ, ಈ ಬಸ್ಸು ತಪ್ಪುದ್ರೆ ಕಷ್ಟ ಆಯ್ತದೆ. ಒಂದೀಟು ಕೈಗೇ ಆಕಿ.’

ಕೃಷ್ಣಪ್ಪ ಒಂದು ಮೆಟ್ಟಿಲು ಕೆಳಗೆ ನಿಂತು ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದ.

‘ಡಬ್ಬಿಗೇ ಕೈ ಹಾಕೋ.’

‘ಬ್ಯಾಡಿ ಸಾ. ಆಸ್ಪತ್ರೆಯಿಂದ ಅಂಗೇ ಬಂದಿವ್ನಿ, ಮೈ ತೊಳ್ದಿಲ್ಲ.’

ಆಡಿಕೊಳ್ಳುತ್ತಿದ್ದಾನೇನೋ ಎಂದು ಮೇಷ್ಟ್ರು ಅವನ ಮುಖ ನೋಡಿದರು. ಇಲ್ಲ. ದೊಡ್ಡವರ ನೇಮಕ್ಕೆ ಕೊಡಬೇಕಾದ ಮರ್ಯಾದೆ ಕೊಡುತ್ತಿದ್ದ, ಅಷ್ಟೇ. ಮೇಷ್ಟ್ರು ಚಮಚದಿಂದ ತೋಡಿ ಬೊಗಸೆಗೆ ಹಾಕಿದರು. ಅವನು ನಿಂತುಕೊಂಡೇ ಗಬಗಬನೆ ತಿಂದ, ಹೊಳೆಯ ನೀರಿನಲ್ಲಿ ಕೈ ತೊಳೆದ. ನಾಳೆ ಆಸ್ಪತ್ರೆಗೆ ಬರುತ್ತೇನೆ ಎಂದು ಇವರು ಅಂದಾಗ, ‘ಬನ್ನಿ ಸಾ, ಅವ್ಳಿಗೂ ಧೈರ್ಯ ಆಯ್ತದೆ’ ಎಂದು ಹೇಳಿ ಮೆಟ್ಟಿಲು ಹತ್ತಿ ಹೋದ. ರಸ್ತೆಯ ದೀಪದ ಕೆಳಗೆ ಒಂದು ಸಲ ಕಾಣಿಸಿದ, ಆಮೇಲೆ ಗೋಬಿ ಗಾಡಿಯ ಜನರೊಳಗೆ ಸೇರಿಹೋದ.

ಮೇಷ್ಟ್ರು ಮನೆಗೆ ಬಂದಾಗ ಶ್ರೀರಂಗಮ್ಮನವರು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಬಟ್ಟೆ ಸುತ್ತಿ, ಒಲೆ ಹಚ್ಚಿ ಸಾರು ಇಟ್ಟಿದ್ದರು. ‘ಕೃಷ್ಣಪ್ಪ ಬಂದಿದ್ರಾ?’ ಎಂದು ಕೇಳಿದರು.

‘ಬಂದಿದ್ದ.’

ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಗಡ್ಡೆಯ ವಿಷಯ, ಚಿಕ್ಕಲಕ್ಷ್ಮಮ್ಮ ಕೇಳಿಕೊಂಡದ್ದು, ಅವನು ಬೆನ್ನು ತಿರುಗಿಸಿ ನಿಂತದ್ದು. ‘ಕಾಲು ಗಂಟೆ ಕಾಯೋಣ ಅಂದ ಕಣೇ. ಬೇರೆ ಏನೂ ಕೇಳಲಿಲ್ಲ. ನನ್ನ ಕೈಲಿ ಆಗಲಿಲ್ಲ.’

ಇಷ್ಟು ವರ್ಷ ಇಟ್ಟುಕೊಂಡಿದ್ದನ್ನೆಲ್ಲ ಹೆಂಡತಿ ಈಗ ಬಡ್ಡಿ ಸಮೇತ ಆಡುತ್ತಾಳೆ ಎಂದು ಕಾದರು. ಶ್ರೀರಂಗಮ್ಮ ಒಲೆ ಸಣ್ಣಗೆ ಮಾಡಿ, ಸೌಟು ಕೆಳಗಿಟ್ಟು, ಗಂಡನ ಕಡೆ ತಿರುಗಿದರು. ತಮ್ಮ ಅಕ್ಕತಂಗಿಯರ ಹತ್ತಿರ, ದೇವಸ್ಥಾನದ ಹೆಂಗಸರ ಹತ್ತಿರ ಮಾತಾಡುವಾಗ ಬರುವಂಥ ಮೆತ್ತನೆಯ ದನಿಯಲ್ಲಿ, ‘ಆಗಲ್ಲ ಬಿಡಿ. ನನ್ನ ಕೈಲೂ ಆಗ್ತಿರಲಿಲ್ಲ’ ಅಂದರು.

ಆಮೇಲೆ ಎರಡು ತಟ್ಟೆ ತೆಗೆದು ಅಕ್ಕಪಕ್ಕದಲ್ಲಿ ಹಾಕಿದರು.

ಮೇಷ್ಟ್ರು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಅವಳು ಬೈದಿದ್ದರೆ ಎದುರು ಮಾತಾಡಬಹುದಿತ್ತು.